ಆರು ಬೆರಳಿನ ಅವ್ವಂದಿರು

ಕೊಟ್ಟೂರಿನಲ್ಲಿ ಆ ಕಾಲಕ್ಕೆ ಇಬ್ಬರು ಬ್ರಹ್ಮರಿದ್ದರು. ಒಬ್ಬ ಮೇಲಿನವನು. ಅವನು ಒಂದು ತಲೆಗೆ ಒಂದು ಮೈ ಎಂಬ ಹಳೆಯ ಪದ್ಧತಿಯಲ್ಲೇ ಕೆಲಸ ನಡೆಸಿಕೊಂಡು ಹೋಗುತ್ತಿದ್ದ. ಇನ್ನೊಬ್ಬ, ಬಸ್ ಸ್ಟ್ಯಾಂಡಿನ ಎದುರಿಗೆ ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ಫೋಟೊ ಸ್ಟುಡಿಯೊ ಇಟ್ಟಿದ್ದ ನಾಗೇಂದ್ರಪ್ಪ. ಊರಿನ ಅಷ್ಟೂ ಹೆಂಗಸರ ತಲೆಗಳಿಗೆ ಒಂದೇ ಮೈ ಸಾಕು ಎಂದು ಕಂಡುಕೊಂಡ ಮಹಾನುಭಾವ ಇವನು. ಮೇಲಿನವನಿಗೆ ಇದು ಹೊಳೆದಿದ್ದರೆ ಅವನಿಗೂ ಎಷ್ಟೋ ದುಡಿಮೆ ಉಳಿಯುತ್ತಿತ್ತು.

ಆ ಒಂದು ಮೈಯ ಒಡತಿಯ ಹೆಸರು ಅಂಜಿನಕ್ಕ.

ಅಂಜಿನಕ್ಕ ಹೂವಿನವಳು. ಹಡಗಲಿಯ ಮೊದಲ ಬಸ್ಸಿಗೆ ಬರುವ ಮಲ್ಲಿಗೆ ಮೊಗ್ಗನ್ನು ಇಳಿಸಿಕೊಂಡು, ಮನೆಗೆ ಒಯ್ದು, ಬಾಗಿಲು ಹಾಕಿಕೊಂಡು ಕಟ್ಟಿ, ಅಲ್ಲೇ ಮೊಳ ಹಾಕಿ ಕತ್ತರಿಸಿ, ಎಲೆಯಲ್ಲಿ ಸುತ್ತಿ ಮನೆಮನೆಗೆ ಮಾರಲು ಹೊರಡುತ್ತಿದ್ದಳು. ಊರಿನ ಉಳಿದ ಹೂವಿನವರು ಜನರ ಎದುರಿಗೇ ಮೊಳ ಹಾಕುವರು. ಇವಳು ಹಾಕುತ್ತಿರಲಿಲ್ಲ. ಅವಳ ಎಡಗೈಯಲ್ಲಿ ಹೆಬ್ಬೆರಳಿನ ಪಕ್ಕಕ್ಕೆ ಇನ್ನೊಂದು ಪುಟ್ಟ ಬೆರಳಿತ್ತು. ಅದಕ್ಕೊಂದು ಪುಟ್ಟ ಉಗುರು. ಯಾರನ್ನೋ ಹತ್ತಿರ ಕರೆಯುತ್ತಿರುವಂತೆ ಅದು ಸದಾ ತುಸು ಬಾಗಿಕೊಂಡಿರುತ್ತಿತ್ತು. ಗಂಡನ ಮನೆಗೆ ಬಂದ ದಿನವೇ ಅತ್ತೆ ಅದನ್ನು ನೋಡಿ, ಈ ಕೈ ಸೆರಗಿನ ಹೊರಗೆ ಕಾಣಬಾರದು ಎಂದು ಅಪ್ಪಣೆ ಮಾಡಿದ್ದಳು. ಅತ್ತೆ ಸತ್ತು ಎಷ್ಟೋ ವರ್ಷವಾದ ಮೇಲೂ ಕೈ ಸೆರಗಿನೊಳಗೇ ಇತ್ತು.

ಸಾವಿರದ ಒಂಬೈನೂರ ತೊಂಬತ್ತೆರಡರ ಬೇಸಿಗೆಯಲ್ಲಿ ಅವಳ ಗಂಡ, ಹಮಾಲಿ ಮಾಡುವ ಸಾಧು ಮನುಷ್ಯ, ಜೋಡಿ ಫೋಟೊ ತೆಗೆಸೋಣ ಬಾ ಎಂದು ಅವಳನ್ನು ಸ್ಟುಡಿಯೊಕ್ಕೆ ಕರೆದುಕೊಂಡು ಹೋದ. ಗಂಡ ಕುರ್ಚಿಯ ಮೇಲೆ ಕೂತ. ಅಂಜಿನಕ್ಕ ಪಕ್ಕದಲ್ಲಿ ನಿಂತು ಬಲಗೈಯನ್ನು ಅವನ ಹೆಗಲ ಮೇಲಿಟ್ಟಳು. ಫೋಟೊ ಸುಸೂತ್ರವಾಗಿ ಆಯಿತು. ಆದರೆ ನಾಗೇಂದ್ರಪ್ಪ ಆಗಷ್ಟೇ ದಾವಣಗೆರೆಯಿಂದ ಹೊಸ ಲೈಟು ತಂದಿದ್ದ. ಅದರ ಪ್ರತಾಪ ಪರೀಕ್ಷಿಸುವ ಉತ್ಸಾಹದಲ್ಲಿ, ಅಕ್ಕ ಒಬ್ಬಳದೇ ಒಂದು ತೆಗೀತೀನಿ ಎಂದ. ಸ್ಟುಡಿಯೊದ ಟ್ರಂಕಿನಿಂದ ಗಿರಾಕಿಗಳಿಗೆಂದೇ ಇಟ್ಟಿದ್ದ ಬದನೆ ಬಣ್ಣದ ರೇಷ್ಮೆ ಸೀರೆಯೂ ಗಿಲೀಟಿನ ಸರವೂ ಹೊರಬಂದವು. ಅಂಜಿನಕ್ಕ ರಾಣಿಯಾಗಿ ಕುರ್ಚಿಯಲ್ಲಿ ಕೂತಳು. ಎಡಗೈ ಹೊರಗೆ ತೆಗೆದು ಕುರ್ಚಿಯ ತೋಳಿನ ಮೇಲಿಡಬೇಕೆಂದು ಬ್ರಹ್ಮನ ಆಜ್ಞೆಯಾಯಿತು. ಗಂಡನೂ ಇಡು ಎಂದ. ಪರಪುರುಷನ ಎದುರಿಗೆ ಮೊದಲ ಬಾರಿಗೆ ಆ ಕೈ ಬೆಳಕಿಗೆ ಬಂತು. ಬೆಳಕೆಂದರೆ ದಾವಣಗೆರೆಯ ಬೆಳಕು. ನಾಚಿಕೆಗೆ ಅಂಜಿನಕ್ಕ ನಕ್ಕು ತಲೆ ಅಲ್ಲಾಡಿಸಿದಳು. ಅದೇ ಗಳಿಗೆಗೆ ಕ್ಯಾಮೆರಾ ಕಣ್ಣು ಮಿಟುಕಿಸಿತು.

ಫೋಟೊ ತೊಳೆದಾಗ ಕತ್ತಿನ ಕೆಳಗೆ ಎಲ್ಲವೂ ಅದ್ಭುತವಾಗಿ ಮೂಡಿತ್ತು. ಸೀರೆಯ ಒಂದೊಂದು ಎಳೆ, ಬಳೆಯ ಮೇಲಿನ ಮಿಂಚು, ಬೆರಳ ತುದಿಯ ಉಗುರು. ಕತ್ತಿನ ಮೇಲೆ ಮಾತ್ರ ಯಾರೋ ಬೂದಿ ಊದಿದ ಹಾಗೆ ಒಂದು ಮಸುಕು. ನಾಗೇಂದ್ರಪ್ಪ ಅದನ್ನು ಗಿರಾಕಿಗೆ ತೋರಿಸದೆ ಡಬ್ಬಿಗೆ ಹಾಕಿ ಮರೆತ.

ನಮ್ಮ ಕಡೆಯ ಆಗಿನ ಹೆಂಗಸರ ಮುಖವನ್ನು ಬೇಕೆಂದು ಕೇಳಿದವರಲ್ಲಿ ಮೊದಲಿಗರು ಸರ್ಕಾರದವರು. ಮತದಾನದ ಗುರುತಿನ ಚೀಟಿ ಬರುವವರೆಗೆ ಎಷ್ಟೋ ತಾಯಂದಿರಿಗೆ ಒಬ್ಬರೇ ಇರುವ ಫೋಟೊವೇ ಇರಲಿಲ್ಲ. ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ಹಣೆ, ಇನ್ನೊಬ್ಬರ ಪೇಟದ ಸಂದಿಯಲ್ಲಿ ಒಂದು ಕಣ್ಣು, ಅಷ್ಟೆ. ಬದುಕಿದ್ದಾಗ ಅದು ಯಾರಿಗೂ ಕೊರತೆ ಎನಿಸುತ್ತಿರಲಿಲ್ಲ. ಸತ್ತ ಮರುದಿನ ಮಾತ್ರ ಮಕ್ಕಳಿಗೆ ಭಕ್ತಿ ಉಕ್ಕುತ್ತಿತ್ತು. ಆಗ ಅವ್ವನ ದೊಡ್ಡ ಫೋಟೊ, ಅವ್ವ ಒಬ್ಬಳೇ ಇರುವ ಫೋಟೊ, ಕಟ್ಟು ಹಾಕಿಸಿ ಗೋಡೆಗೆ ಏರಿಸಲೇಬೇಕು.

ಹಾಗೆ ಉಕ್ಕಿದವರಲ್ಲಿ ಮೊದಲಿಗ ಗುರುಸಂಗಪ್ಪ. ಮನೆ ಕೊಟ್ಟೂರಲ್ಲಿ, ಮೆಕ್ಕೆಜೋಳದ ವ್ಯಾಪಾರ ಹರಪನಹಳ್ಳಿಯಲ್ಲಿ, ದನಿ ಎರಡೂ ಊರಿಗೆ ಕೇಳುವಷ್ಟು. ಅವ್ವನ ಗುರುತಿನ ಚೀಟಿ ತಂದು ನಾಗೇಂದ್ರಪ್ಪನ ಮುಂದಿಟ್ಟು, ಅವ್ವ ರೇಷ್ಮೆ ಸೀರೆಯಲ್ಲಿ ಕುರ್ಚಿಯ ಮೇಲೆ ದೊರೆಸಾನಿಯಂತೆ ಕೂತಿರಬೇಕು ಎಂದ. ಆ ಮುದುಕಿ ಜೀವಮಾನದಲ್ಲಿ ಕುರ್ಚಿಯ ಮೇಲೆ ಕೂತವಳಲ್ಲ. ಕುರ್ಚಿಯಲ್ಲಿ ಕೂತವರಿಗೆ ರೊಟ್ಟಿ ನೀಡಿದವಳು. ನಾಗೇಂದ್ರಪ್ಪನಿಗೆ ಡಬ್ಬಿಯ ನೆನಪಾಯಿತು. ಮಸುಕನ್ನು ಕತ್ತರಿಸಿದ, ಚೀಟಿಯ ಮುಖ ಹಿಗ್ಗಿಸಿ ಅಂಟಿಸಿದ, ಕುಂಚದಿಂದ ಕತ್ತಿನ ಗೆರೆ ಮುಚ್ಚಿ ಮತ್ತೆ ಫೋಟೊ ಹೊಡೆದ. ಆರನೆಯ ಬೆರಳನ್ನೂ ಅಳಿಸಲು ಹೋದ. ಕೈಯೇ ಕೊಳೆತ ಹಾಗೆ ಕಂಡಿತು. ಹಾಗಾಗಿ ಬೆರಳನ್ನು ಇದ್ದಂತೆಯೇ ಬಿಟ್ಟು, ಬೈಸಿಕೊಳ್ಳಲು ಸಿದ್ಧನಾಗಿ ಕೂತ.

ಗುರುಸಂಗಪ್ಪ ನೋಡಿದ, ಅತ್ತುಬಿಟ್ಟ, ಅವ್ವನ ಜೀವವನ್ನೇ ಹಿಡಿದು ತಂದಿದ್ದೀರಿ ಎಂದು ನಾಗೇಂದ್ರಪ್ಪನ ಕೈ ಹಿಡಿದುಕೊಂಡ.

ಅಲ್ಲಿಂದ ದಿಗ್ವಿಜಯ ಶುರುವಾಯಿತು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೊಸಹಳ್ಳಿಯ ಆಚೆಗಿನ ಹಳ್ಳಿಗಳವರೆಗೆ ಅಂಜಿನಕ್ಕನ ಮೈ ಗೋಡೆ ಏರಿತು. ಮುತ್ತೈದೆಯಾಗಿ ಸತ್ತವರಿಗೆ ಬದನೆ ಬಣ್ಣದ ಸೀರೆಯ ಮೇಲೆ ಹಸಿರೋ ಕೆಂಪೋ ಬಳಿಯುತ್ತಿದ್ದ. ವಿಧವೆಯರಿಗೆ ಬಿಳಿ ಬಳಿದು ಬಳೆ ಅಳಿಸುತ್ತಿದ್ದ. ಬೆರಳು ಮಾತ್ರ ಎಲ್ಲ ಕಡೆಗೂ ಒಂದೇ. ಮೊದಲ ವರ್ಷವೆಲ್ಲ ನಾಗೇಂದ್ರಪ್ಪನಿಗೆ ಯಾರಾದರೂ ಬಂದು ಜಗಳ ತೆಗೆದರೆ ಎಂಬ ಭಯ. ಆಮೇಲಾಮೇಲೆ, ಯಾರೂ ಬರುತ್ತಿಲ್ಲವಲ್ಲ ಎಂಬ ಬೇರೆಯೇ ಭಯ. ಸಂಜೆ ಹೊತ್ತು ಒಣಗಲು ಇಟ್ಟ ಸಾಲಿನಲ್ಲಿ ಬೇರೆ ಬೇರೆ ಮುಖಗಳು ಒಂದೇ ಬೆರಳು ಬಾಗಿಸಿ ತನ್ನನ್ನು ಕರೆಯುವುದನ್ನು ನೋಡಲಾರದೆ ಅವನು ಬೀದಿಗೆ ಕಾಣುವ ಷೋಕೇಸಿಗೆ ಬೆನ್ನು ಮಾಡಿ ಕೂರುವುದನ್ನು ರೂಢಿಸಿಕೊಂಡ.

ಇಷ್ಟರ ನಡುವೆ ಅಂಜಿನಕ್ಕನ ಗಂಡ ತೀರಿಕೊಂಡ. ಅವನ ಅಣ್ಣತಮ್ಮಂದಿರು ಆ ಜೋಡಿ ಫೋಟೊ ಒಯ್ದು, ಗಂಡಸಿನ ಭಾಗ ಉಳಿಸಿ ಹೆಣ್ಣಿನ ಭಾಗ ಕತ್ತರಿಸಿ ಕಟ್ಟು ಹಾಕಿಸಿದರು. ಹೆಗಲ ಮೇಲಿನ ಕೈ ಕತ್ತರಿಗೆ ಸಿಗಲಿಲ್ಲ. ಫೋಟೊದಲ್ಲಿ ಆ ಮನುಷ್ಯನ ಹೆಗಲಿನ ಮೇಲೆ ಎಲ್ಲಿಂದಲೋ ಬಂದ ಕೈಯೊಂದು ಇವತ್ತಿಗೂ ಕೂತಿದೆ.

ಅಂಜಿನಕ್ಕನಿಗೆ ಇದಾವುದೂ ಗೊತ್ತಿರಲಿಲ್ಲ. ಹೂವಿನವಳು ಹೊಸ್ತಿಲಿನಿಂದ ಒಳಗೆ ಹೋಗುವುದುಂಟೆ? ಗೋಡೆಯ ಮೇಲಿನ ಅವ್ವಂದಿರಿಗೆ ಹಾರವನ್ನು ಬಾಗಿಲಲ್ಲಿ ಕೊಟ್ಟು ತಿರುಗುತ್ತಿದ್ದಳು. ಒಂದು ವಿಚಿತ್ರವಿತ್ತು. ಮಹಾಲಯ ಅಮಾವಾಸ್ಯೆಯ ದಿನ, ಊರೆಲ್ಲ ಹಿರಿಯರಿಗೆ ಎಡೆ ಇಟ್ಟ ಮೇಲೆ, ಅವಳಿಗೆ ಹಸಿವೇ ಆಗುತ್ತಿರಲಿಲ್ಲ. ಹೋಳಿಗೆಯ ತೇಗು ಬರುತ್ತಿತ್ತು. ವಾತ ಇರಬೇಕೆಂದು ಓಂಕಾಳು ಅಗಿದು ಮಲಗುತ್ತಿದ್ದಳು.

ಎರಡು ಸಾವಿರದ ಮೂರರ ಒಂದು ಮುಂಜಾನೆ ಗುರುಸಂಗಪ್ಪನ ಹೆಂಡತಿ ದಾಕ್ಷಾಯಣಮ್ಮ ಅವಳನ್ನು ಒಳಗೆ ಕರೆದಳು. ಅತ್ತೆಯ ತಿಥಿ. ತನಗೆ ಮೊಣಕಾಲು ನೋವು, ಸ್ಟೂಲು ಹತ್ತಲಾಗದು, ನೀನೇ ಹಾರ ಹಾಕು ಎಂದಳು. ಅಂಜಿನಕ್ಕ ಸ್ಟೂಲು ಹತ್ತಿದಳು. ಹಾರವನ್ನು ಮೊಳೆಗೆ ಸಿಕ್ಕಿಸಿ ಕಣ್ಣು ಕೆಳಗಿಳಿಸಿದರೆ, ಕುರ್ಚಿಯ ತೋಳಿನ ಮೇಲೆ ತನ್ನ ಕೈ. ಮೇಲೆ ನೋಡಿದಳು. ಯಾರದೋ ಮುಖ ತನ್ನ ಕತ್ತಿನ ಮೇಲೆ ಕೂತು ತನ್ನನ್ನೇ ದಿಟ್ಟಿಸುತ್ತಿದೆ. ಕಾಲು ತಪ್ಪಿತು. ಬೀಳುವವಳು ಎಡಗೈಯಿಂದ ಕಟ್ಟನ್ನೇ ಹಿಡಿದುಕೊಂಡಳು. ಎರಡು ಕೈಗಳು, ಗಾಜಿನ ಆಚೆಗೊಂದು ಈಚೆಗೊಂದು, ಅಂಗೈ ಅಗಲದ ದೂರದಲ್ಲಿ ನಿಂತವು.

ಗುರುಸಂಗಪ್ಪ ಓಡಿ ಬಂದು ಹಿಡಿದ. ಆ ಕೈ ನೋಡಿದ. ಅವನ ಕಣ್ಣು ತುಂಬಿ ಬಂತು.

"ನಮ್ಮವ್ವಗೂ ಹಿಂಗಾ ಆರು ಬೆರಳು ಇದ್ದವು, ತಂಗಿ. ಈ ಕೈಲೇ ನನಗ ತುತ್ತು ಉಣಿಸ್ಯಾಳ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಮ್ಮ ತಣ್ಣಗೆ ಹೇಳಿದಳು: "ಐದಾ ಇದ್ದವು."

"ನಿನಗೇನು ಗೊತ್ತೈತಿ? ಹೆತ್ತ ಮಗ ನಾನು."

"ಹಾಸಿಗಿ ಹಿಡಿದಾಗ ಮೈ ತೊಳದಾಕಿ ನಾನು. ಐದಾ ಇದ್ದವ್ರಿ."

ಗುರುಸಂಗಪ್ಪ ಉತ್ತರವಾಗಿ ಗೋಡೆಯತ್ತ ಬೆರಳು ತೋರಿಸಿದ. ಸಾಕ್ಷಿ ಅಲ್ಲೇ ತೂಗುತ್ತಿತ್ತು. ದಾಕ್ಷಾಯಣಮ್ಮ ಸೋತಳು. ಆದರೆ ಅಂಜಿನಕ್ಕನ ಕೈಯ ಮೇಲಿನಿಂದ ಅವಳ ಕಣ್ಣು ಬಹಳ ಹೊತ್ತು ಕದಲಲಿಲ್ಲ.

ಆ ದಿನದಿಂದ ಅಂಜಿನಕ್ಕ ಹೂವಿನ ನೆಪದಲ್ಲಿ ಹೊಸ್ತಿಲಾಚೆಗೆ ಕತ್ತು ಚಾಚತೊಡಗಿದಳು. ಯಾವ ಪಡಸಾಲೆಯಲ್ಲಿ ನೋಡಿದರೂ ತಾನೇ ಕೂತಿದ್ದಾಳೆ. ಇಲ್ಲಿ ಕೆಂಪು ಸೀರೆ, ಅಲ್ಲಿ ಬಿಳಿ. ಇಲ್ಲಿ ಬೋಳು ಬಾಯಿಯ ಮುದುಕಿ, ಅಲ್ಲಿ ಹೆರಿಗೆಯಲ್ಲಿ ಹೋದ ಎಳೆ ಹುಡುಗಿ. ತಾನು ಬೆಳಗಿನಿಂದ ಕಟ್ಟಿದ ಹೂವೆಲ್ಲ ತನ್ನ ಕೊರಳಿಗೇ ಬೀಳುತ್ತಿದೆ. ಊದುಬತ್ತಿಯ ಹೊಗೆ ಸುಳಿದಾಗಲೆಲ್ಲ ಎಡಗೈ ತಣ್ಣಗಾಗುತ್ತಿತ್ತು. ಮನೆಗೆ ಬಂದು ಕನ್ನಡಿ ಹಿಡಿದು, ಮುಖ ಮುಟ್ಟಿ ನೋಡಿಕೊಂಡಳು. ಬಲಗೈ ಗಂಡನ ಹೆಗಲ ಮೇಲೆ, ಉಳಿದ ಮೈ ಸುತ್ತಲಿನ ತಾಲೂಕುಗಳ ಗೋಡೆಗಳ ಮೇಲೆ, ಮುಖ ಮಾತ್ರ ಈ ಒಡೆದ ಕನ್ನಡಿ, ಉಗುರಗಲದ ಗುರುತಿನ ಚೀಟಿಯ ಹೊರತು ಎಲ್ಲೂ ಇಲ್ಲ. ನಾಳೆ ತಾನು ಸತ್ತರೆ, ಇಂಥವಳೊಬ್ಬಳು ಇದ್ದಳೆಂದು ಯಾವ ಗೋಡೆಯೂ ಹೇಳುವುದಿಲ್ಲ. ಮೈ ಹೋದದ್ದು ಹೋಯಿತು, ಒಂದೇ ಒಂದು ಫೋಟೊದಲ್ಲಾದರೂ ಅದರ ಮೇಲೆ ತನ್ನ ಮುಖ ಕೂರಬೇಕು. ಇದು ಅವಳ ಹಟ.

ಹೀಗೆ ಬ್ರಹ್ಮನಿಗೂ ಅವನ ಸೃಷ್ಟಿಗೂ ಯುದ್ಧ ಘೋಷಣೆಯಾಯಿತು.

ನಾಗೇಂದ್ರಪ್ಪ ಮೊದಲು ಆ ಫೋಟೊವೇ ಇಲ್ಲವೆಂದ. ಆಮೇಲೆ ಇದೆ, ಆದರೆ ಅದು ನಿನ್ನದಲ್ಲವೆಂದ. ಅವಳು ಕೈ ತೆಗೆದು ಗಾಜಿನ ಟೇಬಲ್ಲಿನ ಮೇಲಿಟ್ಟಳು. ಅವನು ಕಣ್ಣು ಮುಚ್ಚಿಕೊಂಡ. ಕೊನೆಗೆ ಶಾಸ್ತ್ರದ ಮೊರೆ ಹೋದ. ಆ ಮೈಯಲ್ಲಿ ತಾಳಿ ಇದೆ, ಹಸಿರು ಬಳೆ ಇದೆ, ಗಂಡ ಸತ್ತವಳ ಮುಖವನ್ನು ಅದರ ಮೇಲೆ ಹೇಗೆ ಇಡಲಿ, ಜನ ಏನೆಂದಾರು ಎಂದ. ತಾಳಿ ತನ್ನ ಕೊರಳಲ್ಲಿದ್ದಾಗಲೇ ತೆಗೆದ ಫೋಟೊ ಅಲ್ಲವೇ ಎಂದಳು ಅವಳು. ಅವನಿಗೆ ಉಳಿದದ್ದು ಒಂದೇ ಬಾಣ.

"ನೀ ಇನ್ನೂ ಅದೀಯಲ್ಲವಾ. ಹೆಣ್ಮಗಳು ಒಬ್ಬಾಕೀನಾ ಕುಂತಿದ್ದು, ದೊಡ್ಡದು, ಕಟ್ಟು ಹಾಕಿದ್ದು, ಅದು ಸತ್ತೋರಿಗೆ ಮಾಡೋದು. ನೀ ಸತ್ತಮ್ಯಾಲೆ ನಾನಾ ಮಾಡಿಕೊಡ್ತೀನಿ, ಚಿಂತಿ ಬ್ಯಾಡ."

"ಸತ್ತಮ್ಯಾಲೆ ನೋಡಾಕ ನಾ ಎಲ್ಲಿಂದ ಬರ್ಲಿ? ಈಗ ಬಂದೀನಲ್ರೀ, ಈಗಾ ಮಾಡ್ರಿ."

ಅವನು ಒಲ್ಲೆನೆಂದ. ಮರುದಿನ ಮುತ್ತಿಗೆ. ಅಂಜಿನಕ್ಕ ಸ್ಟುಡಿಯೊದ ಮೆಟ್ಟಿಲ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು, ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಬುಟ್ಟಿಯ ಅಂಚಿನ ಮೇಲೆ ಚಾಚಿ ಕೂತಳು. ಅವ್ವಂದಿರ ಫೋಟೊ ಒಯ್ಯಲು ಬಂದವರು ಆ ಕೈಯ ಪಕ್ಕದಲ್ಲೇ ಹತ್ತಿದರು, ಅದೇ ಕೈಯನ್ನು ಕಟ್ಟಿನಲ್ಲಿ ಹಿಡಿದುಕೊಂಡು ಅದರ ಪಕ್ಕದಲ್ಲೇ ಇಳಿದರು. ಒಬ್ಬನೂ ತಿರುಗಿ ನೋಡಲಿಲ್ಲ. ಮೇಲಿನಿಂದ ಇಣುಕುತ್ತಿದ್ದ ನಾಗೇಂದ್ರಪ್ಪ ಮಾತ್ರ ಬೆವತು ಹೋದ. ಯಾರಾದರೂ ಗುರುತಿಸಿ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಸಂಜೆಯೊಳಗೆ ಕೋಟೆ ಬಿತ್ತು. ಬಾರವಾ, ಮುಖ ಕೊಡು ಎಂದ.

ಈ ಸಲ ಅಂಜಿನಕ್ಕ ಅಲ್ಲಾಡಲಿಲ್ಲ. ನೇರವಾಗಿ ನೋಡಿದಳು. ನಾಗೇಂದ್ರಪ್ಪ ತನ್ನ ವಿದ್ಯೆಯೆಲ್ಲ ಸುರಿದು, ಅವಳ ಕತ್ತಿನ ಮೇಲೆ ಅವಳದೇ ತಲೆ ಅಂಟಿಸಿ, ಸೀರೆಗೆ ಅದರದೇ ಬದನೆ ಬಣ್ಣ ಹಚ್ಚಿ, ಮರುದಿನ ಒಣಗಲು ಷೋಕೇಸಿನಲ್ಲಿ ಅವ್ವಂದಿರ ಸಾಲಿಗೆ ಇಟ್ಟು ಊಟಕ್ಕೆ ಹೋದ. ಅವನು ಮಾಡಿದ ತಪ್ಪು ಇದೊಂದೇ. ಆದರೆ ನಮ್ಮೂರಿಗೆ ಇದೊಂದು ಸಾಕು.

ಅಂದು ಸಂತೆಯ ದಿನ. ಷೋಕೇಸು ನೋಡದೆ ಬಸ್ ಹತ್ತುವವರು ನಮ್ಮಲ್ಲಿಲ್ಲ, ಯಾರು ಹೋದರೆಂದು ತಿಳಿಯುವುದೇ ಅಲ್ಲಿಂದ. ಅವನು ಉಂಡು ಬರುವುದರೊಳಗೆ ಅಂಜಿನಕ್ಕ ಸತ್ತ ಸುದ್ದಿ ಊರು ತುಂಬಿತು.

ಅಂಜಿನಕ್ಕ ಮನೆಯಲ್ಲಿ ಕದ ಹಾಕಿಕೊಂಡು ಸಂಜೆಯ ಹೂ ಕಟ್ಟುತ್ತಿದ್ದಳು. ಹೊರಗೆ ಅಳುವ ಸದ್ದು ಕೇಳಿ ಬಾಗಿಲು ತೆಗೆದಳು. ಹೂವು ಕೊಳ್ಳುವ ಮನೆಗಳ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು, ತಲೆ ತಗ್ಗಿಸಿ, ಅವಳನ್ನು ಸರಿಸಿಕೊಂಡು ಒಳಗೆ ನುಗ್ಗಿದರು. ಕರೆಂಟು ಹೋಗಿತ್ತು, ಒಳಗೆ ಮಬ್ಬು. ಬಾಗಿಲು ತೆಗೆದವಳು ಯಾರೋ ಬಳಗದವಳಿರಬೇಕೆಂದು ಯಾರೂ ಮುಖ ನೋಡಲಿಲ್ಲ. ಅವರಲ್ಲಿ ಮುಂದೆ ನಿಂತಿದ್ದ ಕೆಂಚಕ್ಕ ಎಂಬವಳು ಅವಳನ್ನೇ ಕೇಳಿದಳು, "ಮಣ್ಣು ಎಷ್ಟೊತ್ತಿಗೆ, ತಂಗಿ?"

ಅಂಜಿನಕ್ಕ ಬಾಯಿ ತೆರೆಯುವಷ್ಟರಲ್ಲಿ ಹೆಂಗಸರು ಗೋಡೆಗುಂಟ ಕೂತು ಸತ್ತವಳ ಗುಣಗಾನ ಶುರುಮಾಡಿದರು. ಮನೆ ಬಿಟ್ಟು ಹೊರಗೆ ಹೆಜ್ಜೆ ಇಟ್ಟವಳಲ್ಲ. ಗಂಡನ ಎದುರಿಗೆ ದನಿ ಎತ್ತಿದವಳಲ್ಲ. ತಾನು ಹಸಿದು ಮಕ್ಕಳಿಗೆ ಉಣಿಸಿದಳು. ದಿನಾ ಊರೆಲ್ಲ ಸುತ್ತಿ ಮಲ್ಲಿಗೆ ಎಂದು ಕೂಗುತ್ತಿದ್ದವಳು, ಮಕ್ಕಳೇ ಆಗದವಳು, ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ಪ್ರತಿ ಸಾವಿನಲ್ಲೂ ಇವೇ ಮಾತು, ಇದೇ ರಾಗ. ಮೈಯ ಹಾಗೆ ಬಾಳನ್ನೂ ಒಂದೇ ಅಚ್ಚಿನಿಂದ ತೆಗೆದು ಅಂಟಿಸುತ್ತಿದ್ದಾರೆ. ಕೇಳುತ್ತ ಕೇಳುತ್ತ ಅವಳಿಗೇ ಅನುಮಾನ ಹುಟ್ಟಿತು, ಕೈ ಮೂಗಿನ ಬಳಿ ಹಿಡಿದು ಉಸಿರು ನೋಡಿಕೊಂಡಳು.

ಆಗ ಪಕ್ಕದ ಮನೆಯ ರಹಿಮತ್ ಬೀ ಗದ್ದಲ ಕೇಳಿ ಬಂದಳು.

"ಅಂಜಿನಕ್ಕಾ, ಯಾರ್ ಹೋದ್ರವಾ? ನೀ ಯಾಕ ಬಾಗಲ್ದಾಗ ನಿಂತೀ?"

ಅಳು ಕಡಿದು ಬಿದ್ದಂತೆ ನಿಂತಿತು. ಎಲ್ಲರೂ ಮೊದಲ ಬಾರಿಗೆ ಅವಳ ಮುಖ ನೋಡಿದರು. ದಾಕ್ಷಾಯಣಮ್ಮನೂ ಅವರಲ್ಲಿದ್ದಳು. ಕೆಂಚಕ್ಕ ಮುಜುಗರದಿಂದ, ಷೋಕೇಸಿನಲ್ಲಿ ನೋಡಿದೆವು, ಅದಕ್ಕೇ ಬಂದೆವು ಎಂದಳು. ಎಂದವಳು ಅಷ್ಟಕ್ಕೇ ಸುಮ್ಮನಿರಲಿಲ್ಲ.

"ಖರೇ ಹೇಳ್ಬೇಕಂದ್ರ ಆ ತಲಿ ಆ ಮೈಗೆ ಒಪ್ಪಿಲ್ಲ ಬಿಡವಾ. ನಮ್ಮತ್ತಿ ಫೋಟೊಕ್ಕ ನಿನ್ನ ಮಾರಿ ಹಚ್ಚಿದಂಗ ಕಾಣ್ತೈತಿ."

ಇಷ್ಟು ಯುದ್ಧ ಮಾಡಿ ಗೆದ್ದ ಮೈ! ಅಂಜಿನಕ್ಕ ನಡುವೆ ಬಂದು ಕೂತಳು. ಎಡಗೈ ಸೆರಗಿನಿಂದ ತೆಗೆದು, ಕುರ್ಚಿಯ ತೋಳಿನ ಮೇಲೆ ಇಟ್ಟಂತೆ ತನ್ನ ಮೊಣಕಾಲ ಮೇಲಿಟ್ಟಳು. ಪುಟ್ಟ ಬೆರಳು ಬಾಗಿ ಎಲ್ಲರನ್ನೂ ಕರೆಯಿತು.

ಹೆಂಗಸರು ನೋಡಿದರು. ದಿನಾ ಬೆಳಿಗ್ಗೆ ತಾವು ಗಾಜು ಒರೆಸಿ, ಕುಂಕುಮ ಹಚ್ಚಿ, ಹೂ ಮುಡಿಸುವ ಫೋಟೊದ ಕೈ ಅದು. ಪ್ರತಿಯೊಬ್ಬಳ ಮನೆಯಲ್ಲೂ ಇರುವ ಕೈ. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಯಾರೋ ಪಿಸುಗುಟ್ಟಿದರು, "ಹಂಗಾರ ನಮ್ಮತ್ತಿ ಮೈ ಎಲ್ಲಿ ಹೋತು?"

"ನಂಗೇನು ಗೊತ್ತವ್ವಾ. ಮಣ್ಣು ಮಾಡಿದೋರು ನೀವು," ಅಂದಳು ಅಂಜಿನಕ್ಕ.

ದಾಕ್ಷಾಯಣಮ್ಮ ಸರಿದು ಬಂದು ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಇದು ನಿನ್ನದು, ನನಗೆ ಅವತ್ತೇ ಗೊತ್ತಾಗಿತ್ತು ಎಂದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು.

"ನಮ್ಮತ್ತೀದು ಐದಾ ಬೆರಳು. ಕಿರಿ ಬೆರಳು ಸೆಟದಿತ್ತು, ಮಡಚಾಕ ಬರ್ತಿದ್ದಿಲ್ಲ. ಅಂಗೈಯಾಗ ಹಂಚು ಸುಟ್ಟ ಕಲಿ. ಸಾಯೋ ಮುಂದೂ ರೊಟ್ಟಿ ಬಡಿದಂಗ ಹಾಸಿಗಿ ಬಡಿತಿದ್ಲು."

ತನ್ನ ಅತ್ತೆಯ ಉಗುರು ಕುಡುಗೋಲಿಗೆ ಸೀಳಿ ಎರಡಾಗಿ ಬೆಳೆದಿತ್ತೆಂದು ಕೆಂಚಕ್ಕ ನೆನಪು ಮಾಡಿಕೊಂಡಳು. ಇನ್ನೊಬ್ಬಳು, ತನ್ನ ತಾಯಿಯ ಮಣಿಕಟ್ಟು ನೀರು ಸೇದುವಾಗ ಮುರಿದು ಸೊಟ್ಟಗೆ ಕೂಡಿದ್ದನ್ನು ಗಾಳಿಯಲ್ಲಿ ಬರೆದು ತೋರಿಸಿದಳು. ನಮ್ಮ ಮನೆಯಲ್ಲಿ ಫೋಟೊ ಹಾಕುವುದಿಲ್ಲ ಎಂದ ರಹಿಮತ್ ಬೀಗೆ ಅತ್ತೆಯ ಅಂಗೈಯ ಗೋರಂಟಿ ಯಾವ ಗೆರೆಯಲ್ಲಿ ಮಾಸುತ್ತಿತ್ತೆಂಬುದೂ ನೆನಪಿತ್ತು. ಸಂಜೆ ಇಳಿಯಿತು. ದೀಪ ಹಚ್ಚಬೇಕೆಂದು ಯಾರಿಗೂ ಅನಿಸಲಿಲ್ಲ. ಕತ್ತಲಲ್ಲಿ ಸುಟ್ಟ ಕೈ, ಸೀಳಿದ ಕೈ, ಸೊಟ್ಟ ಕೈಗಳು ಒಂದೊಂದಾಗಿ ಬಂದು ಗೋಡೆಗುಂಟ ಜಾಗ ಹಿಡಿದವು. ಕೂತ ಹೆಂಗಸರಿಗಿಂತ ಕೈಗಳೇ ಹೆಚ್ಚಾದವೆಂದು ಅಲ್ಲಿದ್ದವರೆಲ್ಲ ಆಮೇಲೆ ಹೇಳಿದ್ದಾರೆ. ನಡುವೆ ಅಂಜಿನಕ್ಕ ತನ್ನದನ್ನು ತಾನೇ ನೋಡುತ್ತ ಕೂತಿದ್ದಳು. ಅಷ್ಟು ಹೊತ್ತಿನಲ್ಲಿ ಯಾರೂ ಅದನ್ನು ತಮ್ಮವ್ವನದು ಎನ್ನಲಿಲ್ಲ.

ಹರಪನಹಳ್ಳಿಯಿಂದ ಬಂದ ಗುರುಸಂಗಪ್ಪ, ಮನೆಯಲ್ಲಿ ಹೆಂಡತಿ ಇಲ್ಲ, ಒಲೆಯೂ ಹೊತ್ತಿಲ್ಲವೆಂದು ಹುಡುಕಿಕೊಂಡು ಅಲ್ಲಿಗೆ ಬಂದ. ಒಳಗೆ ಕಾಡಿಗೆಯಂಥ ಕತ್ತಲು, ಕತ್ತಲ ತುಂಬ ಗುಸುಗುಸು. ಹೊಸ್ತಿಲು ದಾಟುವ ಧೈರ್ಯವಾಗಲಿಲ್ಲ.

"ಒಳಗ ಯಾರ್ಯಾರು ಅದೀರಿ?"

"ನಾವೆಲ್ಲಾ ಅದೀವಿ. ನೀ ಹೋಗಿ ಉಣ್ಣು ಹೋಗಪಾ."

ಅದನ್ನು ಹೇಳಿದ್ದು ತಾನಲ್ಲವೆಂದು ಅಲ್ಲಿದ್ದ ಪ್ರತಿಯೊಬ್ಬಳೂ ಇವತ್ತಿಗೂ ಆಣೆ ಮಾಡುತ್ತಾಳೆ. ಊರಿನ ದೊಡ್ಡ ವ್ಯಾಪಾರಿಯನ್ನು ಹಾಗೆ ಏಕವಚನದಲ್ಲಿ ಅಟ್ಟುತ್ತಿದ್ದವಳು ಒಬ್ಬಳೇ, ಅವಳು ಗೋಡೆ ಏರಿ ವರ್ಷಗಳಾಗಿದ್ದವು, ಗುರುಸಂಗಪ್ಪನಿಗೆ ಆ ದನಿಯ ಬಗ್ಗೆ ಯಾವ ಸಂಶಯವೂ ಬರಲಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಬಂದ. ಡಬ್ಬಿ ತಡಕಾಡಿ ತಂಗಳು ರೊಟ್ಟಿ ತಾನೇ ತೆಗೆದುಕೊಂಡ. ಅವ್ವನ ಫೋಟೊಗೆ ಎದುರಾಗಿ ಕೂರಲಾಗದೆ, ಬೆನ್ನು ಮಾಡಿ ಕೂರಲೂ ಆಗದೆ, ಅಡ್ಡಡ್ಡ ಕೂತು, ಅಲ್ಲಿ ಕಾಣುತ್ತಿದ್ದ ಕೈಯನ್ನು ಒಮ್ಮೆಯೂ ನೋಡದೆ ಉಂಡ.